ಋಣ ತೀರಿಸುವ ಆತುರ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ನಮ್ಮದಲ್ಲದ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಮರಾಠಿಯಲ್ಲಿ ಹೆಸರು ಹಾಕಿಸಿದ್ದಾರೆ, ಮದುವೆಯಲ್ಲಿ ಬಂದ ಪಾತ್ರೆಗಳಿಗೆ ಹಾಕಿಸುತ್ತಾರಲ್ಲ, ಹಾಗೆ. ಪುಣೆಯ ಕೋಥ್ರೂಡಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಕಾಕೂ ಅವರ ಡಬ್ಬಿ ಅದು. ಅದನ್ನು ನಾನು ಹಿಂದಿರುಗಿಸಿಲ್ಲ ಎನ್ನುವುದು ನನ್ನನ್ನು ಬಲ್ಲವರಿಗೆ ಆಶ್ಚರ್ಯದ ಸಂಗತಿ. ಇನ್ನೊಬ್ಬರ ವಸ್ತು ಮನೆಯಲ್ಲಿ ಒಂದು ರಾತ್ರಿ ಉಳಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲ, ನನಗೆ ಡೆಂಗ್ಯೂ ಬಂತು. ಹೆಂಡತಿ ಮಗಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದಳು. ಅವಳಿಗೆ ಹೇಳಿದರೆ ಗಾಬರಿಯಾಗಿ ಓಡಿ ಬರುತ್ತಾಳೆ ಎಂದು ‘ಸ್ವಲ್ಪ ಜ್ವರ’ ಎಂದಷ್ಟೇ ಹೇಳಿದ್ದೆ. ಆಫೀಸಿನವರಿಗೂ ಹಾಗೆಯೇ. ಮೂರನೆಯ ದಿನ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿದ್ದನ್ನು ನೋಡಿ ಕಾಕೂ ಬೆಲ್ ಒತ್ತಿದರು. ಆಮೇಲೆ ಒಂಬತ್ತು ದಿನ ಎರಡು ಹೊತ್ತು ಆ ಡಬ್ಬಿ ಬಂತು. ಒಳಗೆ ಮೆತ್ತಗೆ ಬೇಯಿಸಿದ ಅನ್ನ, ಮೇಲೆ ತುಪ್ಪ ಮತ್ತು ಮೇತಕೂಟ್. ನಮ್ಮ ಕಡೆ ಮೆಂತ್ಯದ ಹಿಟ್ಟು ಎನ್ನುತ್ತೇವಲ್ಲ, ಹೆಚ್ಚು ಕಡಿಮೆ ಅದೇ. ಅವರಿಗೆ ಆಗ ಎಪ್ಪತ್ತು ದಾಟಿತ್ತು, ಮೊಣಕಾಲು ನೋವು ಬೇರೆ.

ಹುಷಾರಾದ ಮೇಲೆ ನಾನು ಮಾಡಿದ ಮೊದಲ ಕೆಲಸ ಅಂಗಡಿಗೆ ಹೋಗಿ ಒಂದು ಒಳ್ಳೆಯ ಮಿಕ್ಸರ್ ತಂದದ್ದು. ಅವರದು ಹಳೆಯದು, ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಬೆಲೆಯನ್ನೂ ನಾನು ಲೆಕ್ಕ ಹಾಕಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ: ಒಂಬತ್ತು ದಿನ, ಹದಿನೆಂಟು ಊಟ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ ಎಂದು. ಕಾಕೂ ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. “ಹಿಶೇಬ್ ಚುಕ್ತಾ ಕೇಲಾಸ್ ಕಾ?” ಎಂದರು. ಲೆಕ್ಕ ಚುಕ್ತಾ ಮಾಡಿದೆಯಾ ಅಂತ. ಸಿಟ್ಟಿನಿಂದ ಅಂದದ್ದಲ್ಲ. ಮಿಕ್ಸರನ್ನು ಒಳಗೆ ತೆಗೆದುಕೊಂಡರು, ಚಹಾ ಕೊಟ್ಟರು. ಆದರೆ ಆಮೇಲೆ ಸುಮಾರು ಎರಡು ತಿಂಗಳು ನಮ್ಮ ಮನೆಗೆ ಏನೂ ಬರಲಿಲ್ಲ, ಗಣಪತಿ ಹಬ್ಬದ ಮೋದಕವೂ.

ಆ ಎರಡು ತಿಂಗಳಲ್ಲಿ ನಾನು ಯೋಚಿಸಿದ್ದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಪರಊರಿಗೆ ಬಂದು ಬದುಕುವ ನಮ್ಮಂಥವರಿಗೆ ಕೊಡುವುದು ಬರುತ್ತದೆ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಡುತ್ತೇವೆ, ಕಲಿತ ಶಾಲೆಗೆ ಕಂಪ್ಯೂಟರ್ ಕೊಡುತ್ತೇವೆ, ನೆರೆ ಬಂದಾಗ ಆಫೀಸಿನಲ್ಲಿ ಕಂಬಳಿ ಕೂಡಿಸುತ್ತೇವೆ. ರಸೀದಿಯನ್ನು ತೆರಿಗೆಗೆಂದು ಫೈಲಿನಲ್ಲಿ ಇಡುತ್ತೇವೆ, ತಪ್ಪೇನಿಲ್ಲ. ನಮಗೆ ಬರದೆ ಇರುವುದು ತೆಗೆದುಕೊಳ್ಳುವುದು. ಗೆಳೆಯರು ಊಟಕ್ಕೆ ಕೂತರೆ ಕೈ ತೊಳೆಯುವ ಮೊದಲೇ ಬಿಲ್ಲು ಭಾಗವಾಗಿ ಫೋನಿಗೆ ಬಂದಿರುತ್ತದೆ. ಒಬ್ಬ ಸಹೋದ್ಯೋಗಿ ಸ್ಟೇಷನ್ನಿಗೆ ಬಿಟ್ಟು ಬಂದರೆ ಪೆಟ್ರೋಲಿಗೆ ಎಷ್ಟು ಎಂದು ಕೇಳುತ್ತೇವೆ. ಇಷ್ಟಕ್ಕೂ ಈ ಊರುಗಳಿಗೆ ನಾವು ಬಂದಾಗ ಮೊದಲ ತಿಂಗಳು ಮಲಗಿದ್ದು ಯಾರದೋ ರೂಮಿನ ಮೂಲೆಯಲ್ಲಿ ಚಾಪೆ ಹಾಸಿಕೊಂಡೇ. ಮುಂಬಯಿಯ ಹಿರಿಯರನ್ನು ಕೇಳಿದರೆ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ದಿನಗಳನ್ನು ಹೇಳುತ್ತಾರೆ. ಆ ಕತೆಗಳ ತುಂಬ ‘ಅವರೊಬ್ಬರು ಇಲ್ಲದಿದ್ದರೆ’ ಎನ್ನುವ ಮಾತು ಬರುತ್ತದೆ. ನಮ್ಮ ಕಾಲಕ್ಕೆ ಆ ಮಾತನ್ನು ಆಡುವ ಸಂದರ್ಭ ಬಾರದಂತೆ ನೋಡಿಕೊಳ್ಳುವುದೇ ಜಾಣತನ ಎಂದಾಗಿದೆ.

ನನ್ನ ವಿಷಯದಲ್ಲಿ ಈ ಆತುರ ಬಂದದ್ದು ಅಪ್ಪನಿಂದ.

ಅಪ್ಪ ರೋಣ ತಾಲೂಕಿನ ಹಳ್ಳಿಯಿಂದ ಧಾರವಾಡಕ್ಕೆ ಓದಲು ಬಂದದ್ದು 1959ರಲ್ಲಿ. ಕೈಯಲ್ಲಿ ಕಾಸಿಲ್ಲ. ಆಗ ವಾರಾನ್ನ ಇನ್ನೂ ಇತ್ತು. ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ: ಬಡ ವಿದ್ಯಾರ್ಥಿ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಪುಣೆಯಲ್ಲೂ ಇದೇ ಪದ್ಧತಿ ಇತ್ತು, ‘ವಾರ ಲಾವಣೆ’ ಎನ್ನುತ್ತಿದ್ದರು. ಅಪ್ಪನಿಗೆ ಸಿಕ್ಕದ್ದು ಆರೇ ಮನೆ. ಶನಿವಾರ ಖಾಲಿ. ಶನಿವಾರ ಉಪವಾಸ ಮಾಡುತ್ತೇನೆ, ಹನುಮಪ್ಪನ ವಾರ ಎಂದು ರೂಮಿನವರಿಗೆ ಹೇಳಿಕೊಂಡಿದ್ದರಂತೆ.

ಅಪ್ಪ ಆ ಮನೆಗಳಿಗೆ ಹೆಸರು ಹೇಳುತ್ತಿರಲಿಲ್ಲ, ವಾರದಿಂದಲೇ ಕರೆಯುತ್ತಿದ್ದರು. ಬುಧವಾರದ ಮನೆಯಲ್ಲಿ ಯಾರೂ ಒಂದು ಕೆಟ್ಟ ಮಾತು ಆಡಿದ್ದಿಲ್ಲ. ಹಿತ್ತಲ ಬಾಗಿಲಿಂದ ಬರಬೇಕು, ಎಲ್ಲರ ಊಟವಾದ ಮೇಲೆ ಎಲೆ, ಎರಡನೆಯ ಸಲ ಅನ್ನ ಹಾಕುವಾಗ ಆ ಮನೆಯಾಕೆ ಒಂದು ಕ್ಷಣ ನಿಲ್ಲುತ್ತಿದ್ದರು. ಅಷ್ಟೇ. “ಆ ನಿಂತದ್ದು ನನಗಿನ್ನೂ ಕಾಣಸ್ತದ” ಎನ್ನುತ್ತಿದ್ದರು ಅಪ್ಪ. ಮಂಗಳವಾರದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು, ಮಡಿ ಸೀರೆ, ಬೋಳು ತಲೆ. ಅಡುಗೆ ಬುಧವಾರದ ಮನೆಯಷ್ಟು ಚೆನ್ನಾಗಿರುತ್ತಿರಲಿಲ್ಲವಂತೆ. ಬಿಸಿ ಅನ್ನ, ಮೆಂತ್ಯದ ಹಿಟ್ಟು, ಎಣ್ಣೆ, ತೆಳು ಸಾರು. ಆದರೆ ಇವರು ತಡಮಾಡಿ ಹೋದರೆ ಅಜ್ಜಿ ತಾನೂ ಊಟ ಮಾಡದೆ ಕಾದಿರುತ್ತಿದ್ದರು. “ನೀ ಬರದ ಹೊರತು ನನಗ ನುಂಗೂದು ಆಗೂದಿಲ್ಲೋ” ಎನ್ನುತ್ತಿದ್ದರಂತೆ. ತಿನ್ನಲು ಬಂದವನು ಅವರಿಗೆ ಏನೋ ಕೊಡಲು ಬಂದವನ ಹಾಗೆ.

ವಾರಾನ್ನವನ್ನು ನಾನು ಹೊಗಳಲಾರೆ. ಅದು ಜಾತಿಯೊಳಗಿನ ದಯೆ. ಬೇರೆ ಜಾತಿಯ ಹುಡುಗನಿಗೆ ಆ ಏಳು ಮನೆಗಳಲ್ಲಿ ಒಂದರ ಬಾಗಿಲೂ ತೆರೆಯುತ್ತಿರಲಿಲ್ಲ. ಅಂಥ ಹುಡುಗರಿಗಾಗಿ ಮಠಗಳು ಉಚಿತ ಪ್ರಸಾದ ನಿಲಯ ತೆರೆದವು, ಕೊಲ್ಹಾಪುರದ ಶಾಹೂ ಮಹಾರಾಜರು ಬೇರೆ ಬೇರೆ ಸಮುದಾಯಗಳಿಗೆ ವಸತಿಗೃಹ ಕಟ್ಟಿಸಿದರು. ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಶುರುಮಾಡಿದರು. ಅವರ ಪೂರ್ವಜರು ನಮ್ಮ ಮೂಡುಬಿದಿರೆಯ ಕಡೆಯವರು ಎಂಬುದು ಇಲ್ಲಿ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಸಾತಾರೆಯ ಅವರ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಅಡುಗೆ ಮಾಡಿ, ಒಟ್ಟಿಗೆ ಉಂಡರು. ಮಕ್ಕಳ ಊಟಕ್ಕೆ ದುಡ್ಡಿಲ್ಲದಾಗ ಅವರ ಹೆಂಡತಿ ಲಕ್ಷ್ಮೀಬಾಯಿ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಮಾರಿದರು. ಓದುವ ಹುಡುಗ ಹೊಲದಲ್ಲಿ ದುಡಿದು ಓದಬೇಕು ಎಂದು ಭಾವೂರಾವ್ ಹೇಳಿದ್ದರ ಹಿಂದೆ ಇದ್ದದ್ದು ಬುಧವಾರದ ಮನೆಯ ನೋವೇ ಎಂದು ನನ್ನ ಊಹೆ. ಉಣ್ಣುವವನ ತಲೆ ತಗ್ಗಬಾರದು.

ಅಪ್ಪನ ತಲೆ ಮಾತ್ರ ಒಳಗೊಳಗೇ ತಗ್ಗಿತ್ತು. ನೌಕರಿ ಸಿಕ್ಕ ಮೇಲೆ ಅವರು ಯಾರ ಮನೆಯಲ್ಲೂ ಉಣ್ಣಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ. ಮದುವೆಗೆ ಹೋದರೆ ಉಡುಗೊರೆ ಕೊಟ್ಟು, ಅಕ್ಷತೆ ಹಾಕಿ, ‘ಇವತ್ತು ಒಪ್ಪತ್ತು’ ಎಂದು ಹೊರಟುಬಿಡುತ್ತಿದ್ದರು. ರೈಲಿನಲ್ಲಿ ಯಾರಾದರೂ ಚಕ್ಕುಲಿ ಮುಂದೆ ಹಿಡಿದರೆ ಹಲ್ಲು ನೋವು. ಆದರೆ ಅವರು ಮಾಸ್ತರಾಗಿದ್ದ ಊರಿನಲ್ಲಿ ನಮ್ಮ ಮನೆಯಲ್ಲಿ ಉಂಡು ಓದಿದ ಹುಡುಗರು ಹನ್ನೊಂದು ಜನ, ಅವರಲ್ಲಿ ಯಾರ ಜಾತಿಯನ್ನೂ ಅವ್ವ ಕೇಳದ ಹಾಗೆ ಅಪ್ಪ ನೋಡಿಕೊಂಡಿದ್ದರು. ಇದು ದೊಡ್ಡ ಗುಣ ಎಂದೇ ನಾವೆಲ್ಲ ಬೆಳೆದೆವು. ಕೊಡುವ ಕೈ ಮೇಲೆ ಇರಬೇಕು ಎಂದು.

ಕಾಕೂ ಅವರ ಮಾತು ಕೇಳಿದ ಮೇಲೆ ನನಗೆ ಮೊದಲ ಸಲ ಅನುಮಾನ ಬಂತು. ಕೊಡುವ ಕೈ ಮೇಲಿರುತ್ತದೆ ನಿಜ, ಅದಕ್ಕೇ ಅಲ್ಲವೇ ನಮಗೆ ಅದು ಸುಲಭ? ಕೊಡುವಾಗ ಎಷ್ಟು, ಯಾವಾಗ, ಯಾರಿಗೆ ಎನ್ನುವುದು ನಮ್ಮ ಕೈಯಲ್ಲೇ ಇರುತ್ತದೆ. ತೆಗೆದುಕೊಳ್ಳುವವನಿಗೆ ಅದ್ಯಾವುದೂ ಇಲ್ಲ. ಬಡಿಸುವ ಕೈ ಒಂದು ಕ್ಷಣ ನಿಂತರೆ ಅದನ್ನೂ ಅವನು ನೋಡಬೇಕು.

ಇದನ್ನು ಯೋಚಿಸುತ್ತಾ ನಮ್ಮ ದೇವರ ಕತೆಗಳನ್ನು ನೆನಪಿಸಿಕೊಂಡರೆ ವಿಚಿತ್ರವೊಂದು ಕಾಣುತ್ತದೆ. ಅಲ್ಲಿ ದೇವರು ಕೊಡುವುದಕ್ಕಿಂತ ಕೇಳಿಕೊಂಡು ಬರುವುದೇ ನೆನಪಿನಲ್ಲಿ ಉಳಿಯುತ್ತದೆ. ಕುಚೇಲ ಅವಲಕ್ಕಿಯ ಗಂಟನ್ನು ನಾಚಿಕೆಯಿಂದ ಬಚ್ಚಿಟ್ಟುಕೊಳ್ಳುತ್ತಾನೆ, ಕೃಷ್ಣ ಅದನ್ನು ಕಸಿದು ತಿನ್ನುತ್ತಾನೆ. ಆಮೇಲೆ ಕುಚೇಲನ ಗುಡಿಸಲು ಅರಮನೆಯಾದದ್ದು ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ, ಅದು ಮಕ್ಕಳಿಗೆ ಹೇಳಲು. ದ್ವಾರಕೆಯ ಒಡೆಯನಿಗೆ ಒಂದು ಹಿಡಿ ಅವಲಕ್ಕಿ ಬೇಕಿತ್ತು ಎನ್ನುವುದೇ ಕತೆ. ಕೊಡಲು ಏನೂ ಇಲ್ಲ ಎಂದುಕೊಂಡವನಿಗೆ ‘ನಿನ್ನಲ್ಲಿ ನನಗೆ ಬೇಕಾದದ್ದು ಇದೆ’ ಎಂದು ತೋರಿಸಿದನಲ್ಲ, ಪ್ರೀತಿ ಎಂದರೆ ಅದು.

ಶ್ರೀನಿವಾಸ ನಾಯಕನ ಕತೆಯಲ್ಲೂ ಹಾಗೆ. ನವಕೋಟಿ ನಾರಾಯಣನ ಅಂಗಡಿಗೆ ವಿಠಲ ಬಂದದ್ದು ಮಗನ ಮುಂಜಿಗೆ ದುಡ್ಡು ಬೇಡುವ ಬಡ ಬ್ರಾಹ್ಮಣನಾಗಿ. ಎಷ್ಟು ಸಲ ಅಟ್ಟಿದರೂ ಮತ್ತೆ ಬಂದ. ಕೊನೆಗೆ ನಾಯಕನ ಹೆಂಡತಿ ಸರಸ್ವತಿ ಮೂಗುತಿ ಬಿಚ್ಚಿ ಕೊಟ್ಟಳು. ಆ ಮೂಗುತಿಯಿಂದ ಜಿಪುಣನ ಕಣ್ಣು ತೆರೆದು ಎಲ್ಲವನ್ನೂ ದಾನ ಮಾಡಿ ಪುರಂದರದಾಸನಾದ ಎಂದು ಹರಿಕತೆಯವರು ಭಾವುಕರಾಗಿ ಹೇಳುತ್ತಾರೆ. (ಅವರ ಊರು ಪುಣೆಯ ಹತ್ತಿರದ ಪುರಂದರಗಡ ಎಂದು ಇಲ್ಲಿಯ ಕನ್ನಡಿಗರು ಹೆಮ್ಮೆಪಡುತ್ತೇವೆ. ತೀರ್ಥಹಳ್ಳಿಯ ಕಡೆಯವರು ಎಂದು ಶಿವಮೊಗ್ಗದವರು. ಜಗಳ ನಡೆದೇ ಇದೆ.) ಆದರೆ ದಾನ ಒಂದು ದಿನದ ಕೆಲಸ. ಮರುದಿನ ಬೆಳಿಗ್ಗೆ ತಂಬೂರಿ ಹಿಡಿದು, ನಿನ್ನೆಯವರೆಗೆ ತನ್ನ ಅಂಗಡಿಗೆ ಸಾಲಕ್ಕೆ ಬರುತ್ತಿದ್ದಂಥವರ ಬಾಗಿಲಲ್ಲಿ ನಿಂತು ಹಿಡಿ ಅಕ್ಕಿಗೆ ಕೈಯೊಡ್ಡಿದರಲ್ಲ, ಬದುಕಿರುವವರೆಗೂ ಒಡ್ಡಿದರಲ್ಲ, ಅದನ್ನು ಯಾರೂ ಹೆಚ್ಚು ವಿವರಿಸುವುದಿಲ್ಲ. ಮಧುಕರ ವೃತ್ತಿ ಎಂದು ಒಂದು ಚೆಂದದ ಹೆಸರಿಟ್ಟು ಮುಂದೆ ಹೋಗುತ್ತಾರೆ. ನನಗೆ ಅದೇ ಅವರ ಹೆಚ್ಚಿನ ತ್ಯಾಗ ಎನಿಸುತ್ತದೆ.

ಕೈಯೊಡ್ಡಿದವರೆಲ್ಲ ಹೀಗೆ ಎಂದೇನಿಲ್ಲ. ವಾಮನ ಕೇಳಿದ ಮೂರು ಹೆಜ್ಜೆ ನನಗೆ ಯಾವತ್ತೂ ಹಿಡಿಸಿಲ್ಲ. ಕೊಟ್ಟವನ ತಲೆಯ ಮೇಲೇ ಕಾಲಿಟ್ಟದ್ದು ಯಾವ ನ್ಯಾಯ? ನಮ್ಮ ಜನಕ್ಕೂ ಹಿಡಿಸಿಲ್ಲವೆಂದು ಕಾಣುತ್ತದೆ, ಇಂದಿಗೂ ದೀಪಾವಳಿಗೆ ಬಲೀಂದ್ರನನ್ನು ಕರೆದು ಪೂಜೆ ಮಾಡುತ್ತಾರೆ. ತೆಗೆದುಕೊಳ್ಳುವುದಕ್ಕೂ ಒಂದು ಅಳತೆ ಇದೆ ಎಂದು ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ ಗಂಡನಿಗೆ ಹೇಳಿದಳು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಅಲ್ಲಿಯೇ ಸುರಿದು ಬಾ ಎಂದು ವಾಪಸ್ಸು ಕಳಿಸಿದವಳು ಆಕೆ. ಅವಳು ಅಕ್ಕಿ ತೆಗೆದುಕೊಳ್ಳುವುದನ್ನೇ ಬಿಡು ಎನ್ನಲಿಲ್ಲ ಎನ್ನುವುದನ್ನು ಗಮನಿಸಬೇಕು.

ನಮ್ಮ ಭಾಷೆಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ‘ಋಣ’ ಎನ್ನುವ ಮಾತನ್ನು ನಾವು ಬ್ಯಾಂಕಿಗಿಂತ ಹೆಚ್ಚಾಗಿ ಬಳಸುವುದು ಅನ್ನಕ್ಕೆ, ನೀರಿಗೆ. ಋಣಾನುಬಂಧ ಎನ್ನುವಾಗ ಸಾಲವೂ ನಂಟೂ ಒಂದೇ ಪದದೊಳಗೆ ಕೂತಿವೆ. ಯಾರಾದರೂ ಸತ್ತರೆ, ಊರು ಬಿಟ್ಟರೆ, ಸಂಬಂಧ ಮುರಿದರೆ ಏನು ಹೇಳುತ್ತೇವೆ? ‘ಋಣ ತೀರಿತು.’ ಹಾಗಾದರೆ ಬದುಕಿರುವವರ ಋಣವನ್ನು ತೀರಿಸಲು ನಾನು ಮಿಕ್ಸರ್ ಹಿಡಿದು ಓಡಿದ್ದು ಎಂಥ ಕೆಲಸ! ಕಾಕೂಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅವರಿಗೆ ಕೇಳಿಸಿದ್ದು ಅದೇ ಮಾತು.

ಪಾತ್ರೆಯನ್ನು ಖಾಲಿ ವಾಪಸ್ಸು ಕೊಡಬಾರದು ಎನ್ನುವ ಪದ್ಧತಿ ನಮ್ಮಲ್ಲೂ ಇದೆ, ಮರಾಠಿಗರಲ್ಲೂ ಇದೆ. ನಾನು ಅದನ್ನೇ ಮಾಡಿದೆ ಎಂದು ಮನಸ್ಸಿನಲ್ಲಿ ವಾದಿಸಿಕೊಂಡಿದ್ದೆ. ಆದರೆ ಅವ್ವ ಪಾತ್ರೆಯಲ್ಲಿ ಹಾಕುತ್ತಿದ್ದದ್ದು ಒಂದು ಚಮಚ ಸಕ್ಕರೆ. ಬಂದದ್ದಕ್ಕೆ ಅದು ಯಾವ ಲೆಕ್ಕದಲ್ಲೂ ಸಮವಲ್ಲ. ಸಮವಾಗದಿರಲಿ ಎಂದೇ ಆ ಒಂದು ಚಮಚ ಎಂದು ಈಗ ತಿಳಿಯುತ್ತದೆ. ಮುಂದಿನ ಸಲಕ್ಕೆ ದಾರಿ ಇರಬೇಕಲ್ಲ.

ಮರುವರ್ಷ ಊರಿನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಅವ್ವ ಆಗಲೇ ಇರಲಿಲ್ಲ. ಪುಣೆಗೆ ಕರೆತಂದೆವು. ಬಲಗೈ, ಬಲಗಾಲು ಹೋಗಿದ್ದವು. ಮಾತು ನಿಧಾನವಾಗಿ ಬರುತ್ತಿತ್ತು. ಯಾರ ಮನೆಯಲ್ಲೂ ಉಣ್ಣದವರಿಗೆ ಈಗ ಬಾಯಿಗೆ ಚಮಚ ಹಿಡಿಯಬೇಕು, ಸ್ನಾನ ಮಾಡಿಸಬೇಕು. “ನಿನಗ ತ್ರಾಸ” ಎನ್ನುವುದು ದಿನಕ್ಕೆ ಇಪ್ಪತ್ತು ಸಲ. ಚಮಚ ಹತ್ತಿರ ಬಂದರೆ ಮುಖ ಆ ಕಡೆ ತಿರುಗುತ್ತಿತ್ತು. ಸೊಸೆ ಊಟ ಮಾಡಿಸಲು ಕೂತರಂತೂ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ತೂಕ ಇಳಿಯಿತು. ಮೂಗಿಗೆ ನಳಿಕೆ ಹಾಕಬೇಕಾದೀತು ಎಂದರು ಡಾಕ್ಟರು. ಒಂದು ರಾತ್ರಿ ನಾನು ಸಹನೆ ಕಳೆದುಕೊಂಡು, “ನೀವು ಇಷ್ಟು ಜನಕ್ಕೆ ಹಾಕಿದಿರಿ, ನಮಗೆ ಹಾಕಲು ಒಂದು ದಿನ ಬಿಡಬಾರದೇ?” ಎಂದು ಜೋರು ಮಾಡಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು. ಆ ರಾತ್ರಿಯ ಬಗ್ಗೆ ಇನ್ನೂ ನಾಚಿಕೆಯಿದೆ.

ಜೂನ್ ತಿಂಗಳಲ್ಲಿ ವಾರಿ ಬಂತು. ಆಳಂದಿಯಿಂದ ಜ್ಞಾನೇಶ್ವರರ ಪಾಲಕಿ, ದೇಹೂವಿನಿಂದ ತುಕಾರಾಮರದು, ಎರಡೂ ಪುಣೆಯಲ್ಲಿ ಎರಡು ರಾತ್ರಿ ತಂಗಿ ಪಂಢರಪುರಕ್ಕೆ ಹೋಗುತ್ತವೆ. ಆ ದಿನಗಳಲ್ಲಿ ಈ ಊರನ್ನು ನೋಡಬೇಕು. ಕ್ಷೌರಿಕರು ರಸ್ತೆ ಬದಿ ಕೂತು ವಾರಕರಿಗಳಿಗೆ ಪುಕ್ಕಟೆ ಗಡ್ಡ ಹೆರೆಯುತ್ತಾರೆ, ಚಮ್ಮಾರರು ಹರಿದ ಚಪ್ಪಲಿ ಹೊಲಿದುಕೊಡುತ್ತಾರೆ, ಕಾಲೇಜು ಹುಡುಗರು ಮುದುಕರ ಪಾದಕ್ಕೆ ಎಣ್ಣೆ ತಿಕ್ಕುತ್ತಾರೆ. ಎಲ್ಲರೂ ಎಲ್ಲರಿಗೂ ‘ಮಾವುಲಿ’, ತಾಯಿ. ಪೊಲೀಸನೂ ಮಾವುಲಿಯೇ. ಹದಿನೇಳು ವರ್ಷದಿಂದ ಇದನ್ನು ನಾನು ಟ್ರಾಫಿಕ್ ಬಂದ್ ಎನ್ನುವ ಕಾರಣಕ್ಕೆ ಮಾತ್ರ ಗಮನಿಸಿದ್ದೆ. ಇವರೆಲ್ಲ ನೋಡಲು ಹೋಗುವ ವಿಠೋಬನ ಕತೆಯೂ ಎಂಥದು ನೋಡಿ: ಪುಂಡಲೀಕ ತಾಯಿತಂದೆಯ ಸೇವೆಯಲ್ಲಿದ್ದಾಗ ದೇವರು ಬಾಗಿಲಿಗೆ ಬಂದ. ಸ್ವಲ್ಪ ನಿಲ್ಲು ಎಂದು ಅವನು ಒಂದು ಇಟ್ಟಿಗೆ ಎಸೆದ. ವರ ಕೊಡಲು ಬಂದವನು ಕೊಟ್ಟ ಇಟ್ಟಿಗೆಯನ್ನು ತೆಗೆದುಕೊಂಡು, ಅದರ ಮೇಲೆ ಸೊಂಟಕ್ಕೆ ಕೈಯಿಟ್ಟು ಇನ್ನೂ ನಿಂತಿದ್ದಾನೆ.

ವಾರಿ ನೋಡಬೇಕೆಂದು ಅಪ್ಪನೇ ಕೇಳಿದರು. ಗಾಲಿಕುರ್ಚಿಯಲ್ಲಿ ಫರ್ಗ್ಯುಸನ್ ಕಾಲೇಜ್ ರಸ್ತೆಯ ಬದಿಗೆ ಕೂರಿಸಿದೆವು. ತೊಡೆಯ ಮೇಲೆ ಬಾಳೆಹಣ್ಣಿನ ಗೊನೆ. ಕೊಡಲು ಏನಾದರೂ ಇದ್ದರೆ ಅವರು ಸಮಾಧಾನದಿಂದ ಇರುತ್ತಾರೆ ಎಂದು ಹೆಂಡತಿ ಹೇಳಿದ್ದಳು. ಆದರೆ ವಾರಕರಿಗಳು ಹತ್ತಿರ ಬಂದಾಗ ಅಪ್ಪ ಕೊಡಲಿಲ್ಲ. ಎಡಗೈ ಹಣ್ಣಿನ ಮೇಲೆ ಇಟ್ಟುಕೊಂಡು ಕೂತರು. ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬಲಗೈ ಏಳುವುದಿಲ್ಲ, ಎಡಗೈಯಲ್ಲಿ ಹೇಗೆ ಕೊಡುವುದು?

ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರ ಗುಂಪು ಬಂತು. ಅದರಲ್ಲಿ ಒಬ್ಬ ಮುದುಕಿ, ಅಪ್ಪನಷ್ಟೇ ವಯಸ್ಸಿರಬಹುದು, ಸಾಲು ಬಿಟ್ಟು ಬಂದು ಕುರ್ಚಿಯ ಮುಂದೆ ನಿಂತು ಎರಡೂ ಕೈ ಬೊಗಸೆ ಮಾಡಿ ಒಡ್ಡಿದಳು. “ದ್ಯಾ ಮಾವುಲಿ” ಎಂದಳು. ಕೊಡಿ ತಾಯೀ. ಅಪ್ಪ ಎಡಗೈಯಿಂದಲೇ ಒಂದು ಹಣ್ಣು ಇಟ್ಟರು. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡಳು, ಬಗ್ಗಿ ಅಪ್ಪನ ಕಾಲು ಮುಟ್ಟಿದಳು. ಆಮೇಲೆ ಅಲ್ಲಿಯೇ ಸಿಪ್ಪೆ ಸುಲಿದು, ಹಣ್ಣನ್ನು ಮುರಿದು, ಅರ್ಧ ಭಾಗವನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದಳು. ನಾನು ತಡೆಯಲು ಹೋದೆ, ಗಂಟಲಲ್ಲಿ ಸಿಕ್ಕೀತು ಎಂದು. ಅಷ್ಟರಲ್ಲಿ ಅಪ್ಪ ಬಾಯಿ ತೆರೆದಿದ್ದರು.

ಆಕೆ ಉಳಿದರ್ಧ ತಿನ್ನುತ್ತಾ ಸಾಲು ಸೇರಿಕೊಂಡಳು. ಅಪ್ಪ ಬಹಳ ಹೊತ್ತು ಅಗಿದರು. ಮನೆಗೆ ಬರುವಾಗ ಕಾರಿನಲ್ಲಿ, “ಆಕಿ ಎಷ್ಟು ದೂರ ನಡೀಬೇಕಲ್ಲಾ. ಅರ್ಧಾ ನನಗ್ಯಾಕ ಕೊಟ್ಟಳು” ಎಂದರು.

ಅದರಿಂದ ಎಲ್ಲ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ‘ತ್ರಾಸ’ ಮರುದಿನವೂ ಇತ್ತು. ಆದರೆ ಮುಖ ತಿರುಗಿಸುವುದು ಕಡಿಮೆಯಾಯಿತು. ಕಾಕೂ ಮತ್ತೆ ಡಬ್ಬಿ ಕಳಿಸಲು ಶುರುಮಾಡಿದ್ದರು. ಮೇತಕೂಟ್ ಕಲಸಿದ ಅನ್ನ ಬಾಯಿಗಿಟ್ಟ ದಿನ ಅಪ್ಪ, “ಮಂಗಳವಾರದ ಮನೀದು” ಎಂದರು. ಅವತ್ತು ಒಂದು ಸಂಗತಿ ಹೇಳಿದರು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ಸಂಬಳದಲ್ಲಿ ಆ ಅಜ್ಜಿಗೆ ಸೀರೆ ತೆಗೆದುಕೊಂಡು ಧಾರವಾಡಕ್ಕೆ ಹೋಗಿದ್ದರಂತೆ. ಅಜ್ಜಿ ಆರು ತಿಂಗಳ ಹಿಂದೆಯೇ ತೀರಿಕೊಂಡಿದ್ದರು. ಸೀರೆಯನ್ನು ಏನು ಮಾಡಿದಿರಿ ಎಂದರೆ, ನೆನಪಿಲ್ಲ ಎಂದರು. ಅರವತ್ತು ವರ್ಷದ ಕೊರಗು. ಅಂದು ಅಜ್ಜಿ ಬದುಕಿದ್ದು ಸೀರೆ ತೆಗೆದುಕೊಂಡಿದ್ದರೆ ನೀವು ಅವರನ್ನು ಇಷ್ಟು ನೆನೆಯುತ್ತಿದ್ದಿರಾ ಎಂದು ಕೇಳಿದೆ. ಅಪ್ಪ ಯೋಚಿಸಿದರು. “ನೀ ಭಾಳ ಶಾಣ್ಯಾ” ಎಂದರು, ಮೆಚ್ಚುಗೆಯ ಧಾಟಿಯಲ್ಲಿ ಅಲ್ಲ. ಬಾಯಿ ತೆರೆದರು, ಇನ್ನೊಂದು ತುತ್ತು ಹಾಕಿದೆ.

ಅಪ್ಪ ದೀಪಾವಳಿಗೆ ಮುಂಚೆ ಹೋದರು. ಕಾಕೂ ಆಮೇಲೆ ಮಗಳ ಮನೆಗೆಂದು ನಾಸಿಕಕ್ಕೆ ಹೋದರು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಡಬ್ಬಿ ನಮ್ಮಲ್ಲಿ ಉಳಿಯಿತು. ಫೋನ್ ಮಾಡಿ ಹೇಳಿದೆ. “ರಾಹೂ ದೇ” ಎಂದರು. ಇರಲಿ ಬಿಡು.

ಅವರ ಮನೆಗೆ ಈಗ ಇಬ್ಬರು ಹುಡುಗರು ಬಾಡಿಗೆಗೆ ಬಂದಿದ್ದಾರೆ, ಒಬ್ಬ ಕಲಬುರಗಿಯವನು, ಸಾಫ್ಟ್‌ವೇರು. ಹೋದ ತಿಂಗಳು ಅವನಿಗೆ ಜ್ವರ. ಆ ಡಬ್ಬಿಯಲ್ಲೇ ನಾಲ್ಕು ದಿನ ಗಂಜಿ ಕಳಿಸಿದೆವು. ಐದನೆಯ ದಿನ ಡಬ್ಬಿಯನ್ನು ಫಳಫಳ ತೊಳೆದು ತಂದು, “ಅಣ್ಣಾ, ಎಷ್ಟಾಯ್ತು ಹೇಳ್ರಿ, ಫೋನ್‌ಪೇ ಮಾಡ್ತೀನಿ” ಎಂದ. ಕಾಕೂಗೆ ಮಿಕ್ಸರ್ ನೋಡಿ ಹೇಗಾಗಿತ್ತು ಎಂದು ಆಗ ಗೊತ್ತಾಯಿತು. ದುಡ್ಡು ಬೇಡ, ಮಂಗಳವಾರ ಊಟಕ್ಕೆ ಬಾ ಎಂದೆ. ಮಂಗಳವಾರವೇ ಯಾಕೆ ಎಂದು ಕೇಳಿದ. ಸುಮ್ಮನೆ ಎಂದೆ. “ನೋಡ್ತೀನಿ ಅಣ್ಣಾ, ಮಂಗಳವಾರ ರಾತ್ರಿ ಕಾಲ್ ಇರ್ತದ” ಎಂದು ಹೋದ. ಇನ್ನೂ ಬಂದಿಲ್ಲ.